ಶಂಬೂಕನ ತಲೆ ಮತ್ತು ಧ್ಯಾನದ ವಿಜ್ಞಾನ

ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಶಂಬೂಕನೆಂಬ ಶೂದ್ರ ತಲೆಕೆಳಗಾಗಿ ನೇತುಬಿದ್ದು ತಪಸ್ಸು ಮಾಡುತ್ತಿರುತ್ತಾನೆ. ಅಲ್ಲಿಗೆ ಬಂದ ರಾಮ ಅವನನ್ನು ಕೇಳುವ ಪ್ರಶ್ನೆ: ನೀನು ಯಾವ ಜಾತಿ? ಶೂದ್ರ ಎಂಬ ಉತ್ತರ ಬಾಯಿಂದ ಬಿದ್ದದ್ದೇ ತಡ, ಕತ್ತಿ ಒರೆಯಿಂದ ಹೊರಬರುತ್ತದೆ, ತಲೆ ಉರುಳುತ್ತದೆ. ಶಂಬೂಕ ಯಾರ ಮನೆಗೂ ಕನ್ನ ಹಾಕಿರಲಿಲ್ಲ, ಯಾರ ದನವನ್ನೂ ಹೊಡೆದುಕೊಂಡು ಹೋಗಿರಲಿಲ್ಲ. ಅವನು ಮಾಡಿದ ಅಪರಾಧ ಧ್ಯಾನ. 1944ರಲ್ಲಿ ಕುವೆಂಪು ‘ಶೂದ್ರ ತಪಸ್ವಿ’ ಬರೆದು, ರಾಮನ ಬಾಣ ಶಂಬೂಕನನ್ನು ಬಿಟ್ಟು ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುವ ಹಾಗೆ ಮಾಡಿದಾಗ ದೊಡ್ಡ ದೊಡ್ಡ ಸಾಹಿತಿಗಳಿಗೇ ಇರುಸುಮುರುಸಾಯಿತು. ಹಳೆಯ ಕತೆಯನ್ನು ಹಾಗೆಲ್ಲ ತಿರುಚಬಹುದೆ ಎಂದು ಕೇಳಿದರು. ತಲೆ ಕತ್ತರಿಸಿದ್ದಕ್ಕಿಂತ ಕತೆ ತಿರುಚಿದ್ದು ಅವರಿಗೆ ಹೆಚ್ಚು ನೋವು ಕೊಟ್ಟಿತ್ತು.

ಇವತ್ತು ಗಾಳಿ ತಿರುಗಿದೆ. ಯಾವ ತಲೆ ಧ್ಯಾನ ಮಾಡಿತೆಂದು ಕತ್ತರಿಸಿದರೋ ಅದೇ ತಲೆಯನ್ನು ಈಗ ಧ್ಯಾನಕ್ಕೆ ಕೂರಿಸಲು ತಾಮುಂದು ನಾಮುಂದು ಎಂದು ಬರುತ್ತಿದ್ದಾರೆ. 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯೇ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಎಂದು ಸಾರಿತು. ನಮ್ಮ ಹಾಸ್ಟೆಲುಗಳಿಗೆ ಬಣ್ಣದ ಕರಪತ್ರಗಳು ಬರುತ್ತವೆ. ಅವುಗಳ ಮಾತು ಹೆಚ್ಚುಕಡಿಮೆ ಒಂದೇ: ಧ್ಯಾನ ಮಾಡಿದರೆ ಏಕಾಗ್ರತೆ ಹೆಚ್ಚುತ್ತದೆ, ನೆನಪು ಚುರುಕಾಗುತ್ತದೆ, ಮೆದುಳೇ ಬೆಳೆಯುತ್ತದೆ, ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಇದನ್ನು ವಿಜ್ಞಾನ ಸಾಬೀತು ಮಾಡಿದೆ. ಪಕ್ಕದಲ್ಲಿ ಕೆಂಪು ಹಳದಿ ಬಣ್ಣದ ಒಂದು ಮೆದುಳಿನ ಚಿತ್ರ.

ಈ ಕರಪತ್ರ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಕತೆ ಕಾವ್ಯಗಳನ್ನು ವಿಮರ್ಶಿಸುವ ನಾವು ಇದನ್ನೂ ವಿಮರ್ಶೆಯ ಜರಡಿಗೆ ಹಾಕಬೇಕು. ಯಾಕಂದ್ರೆ ನಮ್ಮ ಹುಡುಗರು ಕವಿತೆಗಿಂತ ಹೆಚ್ಚು ಇದನ್ನ ಓದ್ತಾರೆ, ನಂಬ್ತಾರೆ. ಕೇಳಬೇಕಾದ ಪ್ರಶ್ನೆಗಳು ಮೂರು. ಇದು ಎಷ್ಟು ನಿಜ? ಇದು ಏನನ್ನು ಮುಚ್ಚಿಡುತ್ತದೆ? ಯಾರಿಗೆ ಇದರಿಂದ ಲಾಭ?

ಮೊದಲು ನಿಜದ ವಿಚಾರ. ಯೋಗಿಗಳ ಮೈಗೆ ಯಂತ್ರ ಕಟ್ಟುವ ಕೆಲಸ ಹೊಸದಲ್ಲ. 1935ರಲ್ಲೇ ತೆರೇಸ್ ಬ್ರಾಸ್ ಎಂಬ ಫ್ರೆಂಚ್ ವೈದ್ಯೆ ಹೃದಯದ ಬಡಿತ ದಾಖಲಿಸುವ ಯಂತ್ರ ಹೊತ್ತು ಇಂಡಿಯಾಕ್ಕೆ ಬಂದಿದ್ದರು. 1957ರಲ್ಲಿ ಅಮೆರಿಕದಿಂದ ಬಾಗ್ಚಿ ಮತ್ತು ವೆಂಗರ್ ಎಂಬ ಇಬ್ಬರು ಇ.ಇ.ಜಿ. ಯಂತ್ರದೊಂದಿಗೆ ಬಂದು ಆಶ್ರಮ ಆಶ್ರಮ ಸುತ್ತಿದರು. ಹೃದಯವನ್ನೇ ನಿಲ್ಲಿಸಿಬಿಡುತ್ತೇವೆ ಎನ್ನುತ್ತಿದ್ದ ಯೋಗಿಗಳನ್ನು ಇವರು ದೆಹಲಿಯ ವಿಜ್ಞಾನಿ ಆನಂದ್ ಜೊತೆ ಸೇರಿ ಪರೀಕ್ಷಿಸಿದರು. 1961ರಲ್ಲಿ ಪ್ರಕಟವಾದ ಫಲಿತಾಂಶ ಏನು? ಉಸಿರು ಬಿಗಿಹಿಡಿದು ಎದೆಯ ಸ್ನಾಯುಗಳನ್ನು ಅದುಮಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ನಾಡಿ ಕೈಗೆ ಸಿಗುವುದಿಲ್ಲ, ಸ್ಟೆತಸ್ಕೋಪಿನಲ್ಲಿ ಸದ್ದು ಕೇಳುವುದಿಲ್ಲ. ಆದರೆ ಯಂತ್ರದ ಕಾಗದದ ಮೇಲೆ ಹೃದಯ ತನ್ನ ಪಾಡಿಗೆ ತಾನು ಬಡಿಯುತ್ತಲೇ ಇತ್ತು. ಪವಾಡ ಸ್ನಾಯುವಿನದಾಗಿತ್ತು.

ಅದೇ ವರ್ಷ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಆನಂದ್, ಛಿನ್ನ ಮತ್ತು ಸಿಂಗ್ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಸಮಾಧಿಯಲ್ಲಿ ಕುಳಿತ ಯೋಗಿಗಳ ಮೆದುಳಿನಲ್ಲಿ ಆಲ್ಫಾ ಎಂಬ ನಿಧಾನ ಲಯದ ಅಲೆಗಳು ಕಂಡವು. ಬೆಳಕು ಬಿಟ್ಟರೂ ಸದ್ದು ಮಾಡಿದರೂ ಆ ಅಲೆ ಕದಡಲಿಲ್ಲ. 1966ರಲ್ಲಿ ಜಪಾನಿನ ಕಸಾಮಾತ್ಸು ಮತ್ತು ಹಿರಾಯ್ ಝೆನ್ ಭಿಕ್ಷುಗಳನ್ನು ಪರೀಕ್ಷಿಸಿದಾಗ ಕಂಡದ್ದು ತದ್ವಿರುದ್ಧ: ಪ್ರತಿ ಸಲ ಸದ್ದಾದಾಗಲೂ ಅವರ ಮೆದುಳು ಮೊದಲ ಸಲ ಕೇಳಿದ ಹಾಗೆ ಎಚ್ಚರಗೊಂಡಿತು. ಒಬ್ಬರದು ಲೋಕಕ್ಕೆ ಬಾಗಿಲು ಹಾಕುವ ಧ್ಯಾನ, ಇನ್ನೊಬ್ಬರದು ಬಾಗಿಲು ತೆರೆದಿಡುವ ಧ್ಯಾನ. ಕರಪತ್ರದವರು ‘ಧ್ಯಾನ’ ಎಂದು ಒಂದೇ ಮಾತಲ್ಲಿ ಹೇಳಿ ಮುಗಿಸುವಾಗ ಯಾವ ಧ್ಯಾನ ಅನ್ನೋದನ್ನ ಹೇಳೋದೇ ಇಲ್ಲ.

ಧ್ಯಾನ ಸರಕಾಗಿದ್ದು ಆಮೇಲೆ. 1970ರಲ್ಲಿ ರಾಬರ್ಟ್ ಕೀತ್ ವಾಲೇಸ್ ಎಂಬಾತ ‘ಸೈನ್ಸ್’ ಪತ್ರಿಕೆಯಲ್ಲಿ, ಮಹರ್ಷಿ ಮಹೇಶ ಯೋಗಿಯ ಅತೀಂದ್ರಿಯ ಧ್ಯಾನ ಮಾಡುವಾಗ ದೇಹ ಬಳಸುವ ಆಮ್ಲಜನಕ ಕಡಿಮೆಯಾಗುತ್ತದೆ, ಇದು ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಬೇರೆಯೇ ಸ್ಥಿತಿ ಎಂದು ಬರೆದ. ಆತ ಸ್ವತಃ ಅದೇ ಪಂಥದ ಸಾಧಕ. ಮುಂದೆ ಅದೇ ಪಂಥದ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷನಾದ. ಅಲ್ಲಿ ಮಂತ್ರ ಗುಟ್ಟು, ಗುರು ಕಿವಿಯಲ್ಲಿ ಊದಬೇಕು, ಕಾಣಿಕೆ ಕೊಡಬೇಕು. ನಮ್ಮ ಪುರೋಹಿತಶಾಹಿಯ ಹಳೆಯ ಅಂಗಡಿಗೆ ಪ್ರಯೋಗಾಲಯದ ಹೊಸ ಬೋರ್ಡು.

ಈ ಅಂಗಡಿಯ ಬೀಗ ಒಡೆದದ್ದು ವಾಲೇಸನ ಜೊತೆಗೇ ಕೆಲಸ ಮಾಡಿದ್ದ ಹಾರ್ವರ್ಡಿನ ವೈದ್ಯ ಹರ್ಬರ್ಟ್ ಬೆನ್ಸನ್. 1975ರಲ್ಲಿ ಬಂದ ಅವನ ಪುಸ್ತಕದ ತಿರುಳು ಇಷ್ಟೆ: ಗುಟ್ಟಿನ ಮಂತ್ರ ಬೇಕಿಲ್ಲ. ಸದ್ದಿಲ್ಲದ ಜಾಗದಲ್ಲಿ ಆರಾಮಾಗಿ ಕೂತು ಉಸಿರಿನ ಜೊತೆ ‘ಒಂದು’ ಎಂಬ ಪದವನ್ನು ಮತ್ತೆ ಮತ್ತೆ ಅಂದುಕೊಂಡರೂ ಅದೇ ವಿಶ್ರಾಂತಿ ಸಿಗುತ್ತದೆ. ಇದನ್ನ ನಮ್ಮ ಭಾಷೆಗೆ ತಿರುಗಿಸಿದರೆ ‘ಓಂ’ ಅನ್ನೋ ಜಾಗದಲ್ಲಿ ‘ರಾಗಿ’ ಅಂದರೂ ನಡೆಯುತ್ತೆ. ಕಿವಿಗೆ ಕಾದ ಸೀಸ ಹೊಯ್ಯುವ ಶಿಕ್ಷೆ ಬರೆದಿಟ್ಟು ಕಾಪಾಡಿಕೊಂಡು ಬಂದ ಮಂತ್ರದ ಮಹಿಮೆಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನಿದೆ?

1976ರಲ್ಲಿ ಅದೇ ‘ಸೈನ್ಸ್’ ಪತ್ರಿಕೆಯಲ್ಲಿ ಪಗಾನೊ ಮತ್ತು ಸಂಗಡಿಗರು ಪಳಗಿದ ಐವರು ಸಾಧಕರ ಮೆದುಳಲೆಗಳನ್ನು ದಾಖಲಿಸಿ, ಧ್ಯಾನದ ಹೊತ್ತಿನ ಗಣನೀಯ ಪಾಲು ಅವರು ನಿದ್ದೆ ಮಾಡುತ್ತಿದ್ದರು ಎಂದು ತೋರಿಸಿದರು. 1984ರಲ್ಲಿ ಡೇವಿಡ್ ಹೋಮ್ಸ್ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದ. ಹೃದಯದ ಬಡಿತ, ರಕ್ತದ ಒತ್ತಡ, ಉಸಿರು ಇವುಗಳ ಮಟ್ಟಿಗೆ ಧ್ಯಾನಕ್ಕೂ ಸುಮ್ಮನೆ ಕೂತು ದಣಿವಾರಿಸಿಕೊಳ್ಳುವುದಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ನಿಜವಾದ ಪ್ರಶ್ನೆ ಧ್ಯಾನದ್ದಲ್ಲ, ವಿಶ್ರಾಂತಿಯದು. ಈ ದೇಶದಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕೂರುವ ಹಕ್ಕು ಯಾರಿಗಿದೆ? ಗದ್ದೆ ನಾಟಿಯಲ್ಲಿ ಬೆಳಗಿನಿಂದ ಬಗ್ಗಿದ ಬೆನ್ನು ಒಂದು ಗಳಿಗೆ ನೆಟ್ಟಗಾದರೆ ಬದುವಿನ ಮೇಲಿಂದ ಕೂಗು ಬರುತ್ತದೆ. ನಮ್ಮವರು ಸುಮ್ಮನೆ ಕೂತರೆ ಅದು ಸೋಮಾರಿತನ, ಅವರು ಸುಮ್ಮನೆ ಕೂತರೆ ಅದು ಸಾಧನೆ!

ಆಮೇಲೆ ಬಂದದ್ದು ಎಂ.ಆರ್.ಐ. ಯುಗ. 2004ರಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ರಿಚರ್ಡ್ ಡೇವಿಡ್ಸನ್‌ರ ತಂಡ ಎಂಟು ಮಂದಿ ಬೌದ್ಧ ಸಾಧಕರ ಮೆದುಳಿನಲ್ಲಿ ಗಾಮಾ ಎಂಬ ವೇಗದ ಅಲೆಗಳು ಅಸಾಧಾರಣವಾಗಿ ಎದ್ದದ್ದನ್ನು ಪ್ರಕಟಿಸಿತು. ಆ ಎಂಟು ಮಂದಿ ತಲಾ 10,000ದಿಂದ 50,000 ಗಂಟೆ ಧ್ಯಾನ ಮಾಡಿದವರು. 2005ರಲ್ಲಿ ಸಾರಾ ಲಾಜರ್ 20 ಮಂದಿ ಸಾಧಕರನ್ನು ಸಾಧಕರಲ್ಲದ 15 ಮಂದಿಗೆ ಹೋಲಿಸಿ, ಸಾಧಕರ ಮೆದುಳಿನ ಹೊರಪದರ ಕೆಲವು ಕಡೆ ದಪ್ಪಗಿದೆ ಎಂದರು. ಜಗತ್ತಿನ ಪತ್ರಿಕೆಗಳೆಲ್ಲ ‘ಧ್ಯಾನದಿಂದ ಮೆದುಳು ಬೆಳೆಯುತ್ತದೆ’ ಎಂದು ಡಂಗುರ ಸಾರಿದವು. ಗರಡಿಮನೆಗೆ ಹೋಗಿ ಪೈಲ್ವಾನರ ತೋಳು ಅಳೆದು, ಗರಡಿಯ ಮಣ್ಣು ಮೈಗೆ ತಾಗಿದರೆ ತೋಳು ದಪ್ಪಗಾಗುತ್ತೆ ಅಂದ ಹಾಗಾಯಿತು ಇದು. ದಪ್ಪ ತೋಳಿನವರೇ ಗರಡಿಗೆ ಬಂದಿರಬಹುದಲ್ಲ? ಮನೆಯಲ್ಲಿ ಹಾಲು ತುಪ್ಪ ಇದ್ದವರು, ಬಿಡುವು ಇದ್ದವರು ಬಂದಿರಬಹುದಲ್ಲ?

2011ರಲ್ಲಿ ಹೋಲ್ಜೆಲ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಂಟು ವಾರ ಧ್ಯಾನ ಮಾಡಿದ 16 ಮಂದಿಯಲ್ಲಿ ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಎಂಬ ಭಾಗದ ಸಾಂದ್ರತೆ ಹೆಚ್ಚಿತು ಎಂದರು. ಕರಪತ್ರದ ಮಾತು ಹುಟ್ಟುವುದು ಇಂಥ ಜಾಗದಿಂದ. ಆದರೆ ಕರಪತ್ರ ಅಲ್ಲೇ ನಿಂತುಬಿಡುತ್ತದೆ, ವಿಜ್ಞಾನ ನಿಲ್ಲಲಿಲ್ಲ. 2022ರಲ್ಲಿ ಅದೇ ಮ್ಯಾಡಿಸನ್‌ನ ಪ್ರಯೋಗಾಲಯ, ಧ್ಯಾನದ ಪರವಾಗಿದ್ದ ಅದೇ ಡೇವಿಡ್ಸನ್‌ರ ತಂಡ, ಎರಡು ಪ್ರಯೋಗಗಳ 218 ಮಂದಿಯನ್ನು ಒಟ್ಟುಗೂಡಿಸಿ ಪರೀಕ್ಷಿಸಿತು. ಯಾರು ಧ್ಯಾನಕ್ಕೆ, ಯಾರು ಬೇರೆ ತರಬೇತಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಿತ್ತು. ಎಂಟು ವಾರದ ಧ್ಯಾನದಿಂದ ಮೆದುಳಿನ ರಚನೆಯಲ್ಲಿ ಬದಲಾವಣೆ ಕಾಣಲಿಲ್ಲ. ತಮ್ಮ ಮಾತಿಗೆ ತಾವೇ ಪುರಾವೆ ಕೇಳಿ, ಅದು ಸಿಗದಾಗ ಹಾಗೆಂದೇ ಅಚ್ಚು ಹಾಕಿದ ಆ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ. ನಮ್ಮ ಯಾವ ಮಠ, ಯಾವ ಆಶ್ರಮ ಈ ಕೆಲಸ ಮಾಡಿದೆ? 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದಕ್ಕೇ ಎಷ್ಟು ಕೂಗಾಟ ಎದ್ದಿತು ಅನ್ನೋದು ಹಳಬರಿಗೆ ನೆನಪಿದೆ.

ಹಾಗಂತ ಧ್ಯಾನದಿಂದ ಏನೂ ಇಲ್ಲ ಎಂದರೆ ಅದೂ ಸುಳ್ಳು. ಬಂಡಾಯದವರು ಸುಳ್ಳಿಗೆ ಸುಳ್ಳನ್ನೇ ಎದುರಿಡಬಾರದು. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಗೋಯಲ್ ಮತ್ತು ಸಂಗಡಿಗರು 47 ಪ್ರಯೋಗಗಳನ್ನು, 3,515 ಮಂದಿಯ ವಿವರಗಳನ್ನು ಒಟ್ಟಿಗೆ ತೂಗಿ ನೋಡಿದರು. ಆತಂಕ, ಖಿನ್ನತೆ, ನೋವು ಇವು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತವೆ ಎನ್ನಲು ಸಾಧಾರಣ ಬಲದ ಪುರಾವೆ ಸಿಕ್ಕಿತು. ಗಮನಶಕ್ತಿ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ವ್ಯಾಯಾಮಕ್ಕಿಂತ, ಔಷಧಿಗಿಂತ, ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲೂ ಪುರಾವೆ ಇರಲಿಲ್ಲ. 2022ರಲ್ಲಿ ಇಂಗ್ಲೆಂಡಿನ ಕಡೆಯ 85 ಶಾಲೆಗಳ 8,000ಕ್ಕೂ ಮೀರಿದ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು: ತರಗತಿಯಲ್ಲಿ ಧ್ಯಾನ ಕಲಿತ ಮಕ್ಕಳ ಮನಸ್ಸಿನ ಸ್ಥಿತಿ ಎಂದಿನ ಪಾಠ ಕಲಿತ ಮಕ್ಕಳಿಗಿಂತ ಮೇಲಾಗಿರಲಿಲ್ಲ. ಇನ್ನು ದೀರ್ಘ ಶಿಬಿರಗಳಲ್ಲಿ ಕೆಲವರಿಗೆ ಭಯ, ನಿದ್ದೆಗೇಡು, ತಾನೇ ತನಗೆ ಪರಕೀಯನಾದಂಥ ಅನುಭವ ಆಗುವುದನ್ನು 2017ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಲಿಂಡಾಲ್ ಮತ್ತು ಬ್ರಿಟನ್ ದಾಖಲಿಸಿದರು. ಇದ್ಯಾವುದೂ ಕರಪತ್ರದಲ್ಲಿ ಇರೋದಿಲ್ಲ.

ಈಗ ಎರಡನೆಯ ಪ್ರಶ್ನೆ: ಮುಚ್ಚಿಟ್ಟದ್ದು ಏನು? ಮೆದುಳಿನ ಸಾಮರ್ಥ್ಯವನ್ನು ನಿಜವಾಗಿ ಏರಿಸುವ, ಇಳಿಸುವ ಸಂಗತಿಗಳೇ ಮುಚ್ಚಿಹೋಗಿವೆ. ಬಸುರಿಯ ಊಟದಲ್ಲಿ ಅಯೋಡಿನ್ ಇಲ್ಲದಿದ್ದರೆ ಹುಟ್ಟುವ ಮಗುವಿನ ಬುದ್ಧಿ ಕುಂಠಿತವಾಗುತ್ತದೆ. ರಕ್ತಹೀನತೆಯ ಮಗು ಪಾಠದಲ್ಲಿ ತೂಕಡಿಸುತ್ತದೆ. ಇದನ್ನ ಹೇಳೋಕೆ ಎಂ.ಆರ್.ಐ. ಬೇಕಿಲ್ಲ, ಉಪ್ಪು ಸೊಪ್ಪಿನ ಮಾತು.

ಇನ್ನೆರಡು ಅಧ್ಯಯನಗಳನ್ನು ನಮ್ಮವರು ಬಾಯಿಪಾಠ ಮಾಡಬೇಕು. ಒಂದು ನಮ್ಮ ನೆರೆಯ ತಮಿಳುನಾಡಿನದು. 2013ರಲ್ಲಿ ಮಣಿ, ಮುಲ್ಲೈನಾಥನ್, ಶಫೀರ್ ಮತ್ತು ಝಾವ್ ಅಲ್ಲಿಯ 464 ಕಬ್ಬು ಬೆಳೆಗಾರರಿಗೆ ಕಟಾವಿನ ಮುಂಚೆ ಒಂದು ಸಲ, ಕಟಾವಾಗಿ ಕಾಸು ಬಂದ ಮೇಲೆ ಒಂದು ಸಲ ಬುದ್ಧಿಪರೀಕ್ಷೆ ಕೊಟ್ಟರು. ಅದೇ ಮನುಷ್ಯ, ಅದೇ ಮೆದುಳು. ಕೈ ಬರಿದಾಗಿ ಸಾಲ ಕುತ್ತಿಗೆಗೆ ಬಂದಿದ್ದಾಗ ಕಡಿಮೆ ಅಂಕ, ಹಣ ಬಂದ ಮೇಲೆ ಹೆಚ್ಚು ಅಂಕ. ಧ್ಯಾನ ಯಾರೂ ಹೇಳಿಕೊಟ್ಟಿರಲಿಲ್ಲ. ಸಾಲದ ಲೆಕ್ಕ ಹಾಕುತ್ತಿದ್ದ ಮೆದುಳಿಗೆ ಆ ಲೆಕ್ಕದಿಂದ ಬಿಡುಗಡೆ ಸಿಕ್ಕಿತು, ಅಷ್ಟೆ.

ಇನ್ನೊಂದು ಉತ್ತರಪ್ರದೇಶದ್ದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅಲ್ಲಿಯ ಹಳ್ಳಿಗಳ ಆರು ಏಳನೇ ತರಗತಿಯ 600ಕ್ಕೂ ಹೆಚ್ಚು ಹುಡುಗರಿಗೆ, ಅರ್ಧ ಮೇಲ್ಜಾತಿಯವರು ಅರ್ಧ ದಲಿತರು, ಕಾಗದದ ಮೇಲಿನ ಚಕ್ರವ್ಯೂಹದಲ್ಲಿ ದಾರಿ ಹುಡುಕುವ ಆಟ ಕೊಟ್ಟರು. ಬಿಡಿಸಿದಷ್ಟಕ್ಕೂ ದುಡ್ಡು. ಜಾತಿ ಯಾರೂ ಎತ್ತದಿದ್ದಾಗ ಎರಡೂ ಗುಂಪು ಸರಿಸಮ. ಆಮೇಲೆ ಬೇರೆ ಹುಡುಗರನ್ನು ಕೂರಿಸಿ, ಆಟಕ್ಕೆ ಮುಂಚೆ ಒಬ್ಬೊಬ್ಬನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಎಲ್ಲರೆದುರು ಗಟ್ಟಿಯಾಗಿ ಓದಿದರು. ದಲಿತ ಹುಡುಗರ ಅಂಕ ದಡಾರನೆ ಕುಸಿಯಿತು. ಈ ಪ್ರಯೋಗದ ವಿವರಗಳು 2004 ಮತ್ತು 2006ರಲ್ಲಿ ಪ್ರಕಟವಾಗಿವೆ.

ಈ ಅಧ್ಯಯನಗಳನ್ನೂ ಅದೇ ಜರಡಿಗೆ ಹಾಕಿ ಸೋಸಬೇಕು, ಬೇರೆ ಕಡೆ ಮತ್ತೆ ಮಾಡಿ ನೋಡಬೇಕು, ಒಪ್ಪುತ್ತೇನೆ. ಆದರೆ ಇವು ಎತ್ತುವ ಪ್ರಶ್ನೆ ಕರಪತ್ರಕ್ಕೆ ಹೊಳೆಯುವುದೇ ಇಲ್ಲ. ಶಂಬೂಕನ ಎದುರು ನಿಂತ ರಾಮ ಕೇಳಿದ್ದೂ ಇದನ್ನೇ ಅಲ್ಲವೆ? ಅಂದು ಜಾತಿ ಕೇಳಿದ ಮೇಲೆ ಕತ್ತಿ ಬೇಕಾಗಿತ್ತು. ಇಂದು ಕತ್ತಿಯೂ ಬೇಡ, ಜಾತಿ ಓದಿದರೆ ಸಾಕು, ತಲೆ ತನ್ನಷ್ಟಕ್ಕೆ ತಾನೇ ಕೆಲಸ ನಿಲ್ಲಿಸುತ್ತದೆ. ಸ್ಕಾಲರ್‌ಶಿಪ್ ಬಂದಿದೆ, ಎಸ್ಸಿಗಳೆಲ್ಲ ಎದ್ದು ನಿಲ್ಲಿ ಎಂದು ತರಗತಿಯಲ್ಲಿ ಕೂಗುವ ದನಿಗೆ ಎದ್ದು ನಿಂತ ಎಲ್ಲರಿಗೂ ಈ ಪ್ರಯೋಗದ ಫಲಿತಾಂಶ ಗೊತ್ತಿದೆ. ಆ ಹುಡುಗನಿಗೆ ಏಕಾಗ್ರತೆ ಸಾಲದು, ಧ್ಯಾನ ಮಾಡು ಎನ್ನುವುದು, ಕಾಲಿಗೆ ಹಗ್ಗ ಬಿಗಿದು ಓಡೋಕೆ ಬರಲ್ಲ ನಿನಗೆ ಅಂದ ಹಾಗೆ.

ಮೂರನೆಯ ಪ್ರಶ್ನೆ, ಲಾಭ ಯಾರಿಗೆ? ಹಿಂದೆ ಹೇಳ್ತಿದ್ರು: ನಿನ್ನ ಕಷ್ಟಕ್ಕೆ ನಿನ್ನ ಹಿಂದಿನ ಜನ್ಮ ಕಾರಣ. ಈಗ ಹೇಳ್ತಾರೆ: ನಿನ್ನ ಕಷ್ಟಕ್ಕೆ ನಿನ್ನ ಚಂಚಲ ಮನಸ್ಸು ಕಾರಣ. ಎರಡರಲ್ಲೂ ಜಮೀನ್ದಾರ ಇಲ್ಲ, ಸಾಹುಕಾರ ಇಲ್ಲ, ಸರ್ಕಾರ ಇಲ್ಲ. ಕರ್ಮಸಿದ್ಧಾಂತ ಬಿಳಿ ಕೋಟು ತೊಟ್ಟು ಬಂದಿದೆ. 2023ರಲ್ಲಿ ಕರ್ನಾಟಕದಲ್ಲೇ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟರು. ಹನ್ನೆರಡು ಗಂಟೆ ದುಡಿಸಿ ಹತ್ತು ನಿಮಿಷ ಕಣ್ಣು ಮುಚ್ಚಿಸುವುದು ಮಾಲೀಕನಿಗೆ ಅಗ್ಗದ ವ್ಯಾಪಾರ. ಕೂಲಿ ಏರಿಸುವುದಕ್ಕಿಂತ ಮಂತ್ರ ಹಂಚುವುದು ಯಾವತ್ತೂ ಅಗ್ಗ. 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ವಿಪಶ್ಯನ ಧ್ಯಾನಕ್ಕೆ ಕೂತರು. ಅವರಲ್ಲಿ ಹಲವರು ನೆಮ್ಮದಿ ಕಂಡರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2022ರ ಸರ್ಕಾರಿ ಲೆಕ್ಕದಲ್ಲೂ ನಮ್ಮ ಜೈಲುಗಳಲ್ಲಿ ಇದ್ದವರ ಪೈಕಿ ಸುಮಾರು ಮುಕ್ಕಾಲು ಪಾಲು ವಿಚಾರಣೆ ಮುಗಿಯದವರು. ಅವರಿಗೆ ಮನಶ್ಶಾಂತಿಗಿಂತ ಮೊದಲು ಬೇಕಾದದ್ದು ಒಬ್ಬ ವಕೀಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಧ್ಯಾನ ಅವರ ಅಪ್ಪನ ಮನೆ ಆಸ್ತಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಲಿಂಗವನ್ನು ಗುಡಿಯಿಂದ ತಂದು ಮಾದಿಗನ, ಹೊಲೆಯನ, ಹೆಂಗಸಿನ ಅಂಗೈಗೆ ಇಟ್ಟರು. ಪೂಜಾರಿಯ ಹಂಗಿಲ್ಲದೆ ದಿಟ್ಟಿ ನೆಟ್ಟು ಕೂರುವ ಹಕ್ಕು ಅಂದು ಸಮಗಾರ ಹರಳಯ್ಯನಿಗೂ ಸಿಕ್ಕಿತು. ಆದರೆ ಅಂಗೈಯ ಲಿಂಗ ನೋಡುತ್ತಾ ಕೂತಿದ್ದಕ್ಕೆ ಹರಳಯ್ಯನನ್ನು ಕೊಲ್ಲಲಿಲ್ಲ. ಬ್ರಾಹ್ಮಣ ಮಧುವರಸನ ಮನೆಯೊಂದಿಗೆ ಮದುವೆ ಸಂಬಂಧ ಬೆಳೆಸಿದ್ದಕ್ಕೆ ಕೊಂದರು. ಶಂಬೂಕನನ್ನು ಕೊಂದದ್ದೂ ಗೆರೆ ದಾಟಿದ್ದಕ್ಕೇ. ಗೆರೆಯ ಒಳಗೆ ಕಣ್ಣು ಮುಚ್ಚಿ ಕೂರುವ ಧ್ಯಾನಕ್ಕೆ ಯಾವ ಅರಸನೂ ಹೆದರುವುದಿಲ್ಲ. ಅದಕ್ಕೇ ಇವತ್ತು ನಮಗೆ ಅದನ್ನ ಪುಕ್ಕಟೆ ಹಂಚುತ್ತಾರೆ.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದಾಗ ಅವರು ನಮಗೆ ಕೊಟ್ಟದ್ದು ಕಣ್ಣು ಮುಚ್ಚುವ ಬುದ್ಧನನ್ನಲ್ಲ. ಅವರು ತೀರಿಕೊಂಡ ಮೇಲೆ 1957ರಲ್ಲಿ ಅಚ್ಚಾದ ‘ಬುದ್ಧ ಮತ್ತು ಅವನ ಧಮ್ಮ’ದ ಪೀಠಿಕೆಯಲ್ಲಿ ಅವರು ಭಿಕ್ಷುವಿನ ಬಗ್ಗೆಯೇ ನಿಷ್ಠುರವಾದ ಪ್ರಶ್ನೆ ಎತ್ತುತ್ತಾರೆ: ಭಿಕ್ಷು ತನ್ನನ್ನು ತಾನು ಪರಿಪೂರ್ಣ ಮಾಡಿಕೊಳ್ಳುವವನೋ, ಸಮಾಜದ ಸೇವಕನೋ? ಬರೀ ಪರಿಪೂರ್ಣನಾದರೆ ಅವನು ಸ್ವಾರ್ಥಿ, ಅವನಿಂದ ಧಮ್ಮಕ್ಕೆ ಉಪಯೋಗವಿಲ್ಲ ಎಂಬುದು ಅವರ ನಿಲುವು. ಇವತ್ತು ನಮ್ಮ ಬುದ್ಧವಿಹಾರಗಳಲ್ಲಿ, ವಿಪಶ್ಯನ ಶಿಬಿರಗಳಲ್ಲಿ ಕೂರುವ ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಬೇಕು. ಅವಮಾನ ತಿಂದು ಬಂದ ದಿನ ರಾತ್ರಿ ಉಸಿರನ್ನು ನೋಡುತ್ತಾ ಕೂತು ಎದೆಯ ಉರಿ ಸ್ವಲ್ಪ ಆರಿದರೆ, ಆರಲಿ; ಅದು ನಿಮ್ಮ ಹಕ್ಕು. ಬೆಳಿಗ್ಗೆ ಎದ್ದು ಅವಮಾನ ಮಾಡಿದವನನ್ನು ಪ್ರಶ್ನಿಸಲು ಆ ನಿದ್ದೆ ಕಸುವು ಕೊಟ್ಟರೆ ಇನ್ನೂ ಒಳ್ಳೆಯದು. ಅವಮಾನವೇ ಭ್ರಮೆ ಎಂದು ಅದು ಹೇಳತೊಡಗಿದರೆ ಮಾತ್ರ ಚಾಪೆ ಸುತ್ತಿಟ್ಟು ಎದ್ದುಬನ್ನಿ.

ಹಾಸ್ಟೆಲಿಗೆ ಕರಪತ್ರ ತರುವವರಿಗೆ ನಾವು ಹೇಳಬೇಕಾದ್ದು ಇಷ್ಟೆ. ನಮ್ಮ ಮಕ್ಕಳ ಮೆದುಳಿನ ಮೇಲೆ ನಿಮಗೆ ಇಷ್ಟೊಂದು ಅಕ್ಕರೆ ಇದ್ದರೆ ಮೊದಲು ಅವರ ತಟ್ಟೆಗೆ ಮೊಟ್ಟೆ ಬರಲಿ, ರಾತ್ರಿ ಓದೋಕೆ ದೀಪ ಇರಲಿ, ಬೀಗ ಹಾಕದ ಒಂದು ಕಪಾಟಿನಲ್ಲಿ ಪುಸ್ತಕ ಇರಲಿ, ತರಗತಿಯಲ್ಲಿ ಜಾತಿ ಕೂಗಿ ಎಬ್ಬಿಸುವುದು ನಿಲ್ಲಲಿ. ಅವರ ಅಪ್ಪ ಅವ್ವಂದಿರ ಕೂಲಿ ಹೊತ್ತಿಗೆ ಸರಿಯಾಗಿ ಕೈಸೇರಲಿ. ಇದೆಲ್ಲ ಆದ ಮೇಲೆ ಬನ್ನಿ, ಇಪ್ಪತ್ತು ನಿಮಿಷ ಕೂತು ನೋಡೋಣ. ಯಾವ ಪದ ಅಂದುಕೊಂಡು ಕೂರಬೇಕು ಅನ್ನೋದನ್ನ ಮಾತ್ರ ನಮ್ಮ ಹುಡುಗರೇ ಆರಿಸಿಕೊಳ್ಳುತ್ತಾರೆ.